ಸತ್ಯದರ್ಶನವೂ ಲೋಕಹಿತವೂ: ‘ತಮಸ್’ ಧಾರಾವಾಹಿಯ ಇತಿಹಾಸದಿಂದ ಒಂದು ನೀತಿಪಾಠ

ಮನುಷ್ಯನು ತನ್ನ ನಡತೆಯನ್ನು ಪರೀಕ್ಷಿಸಿಕೊಳ್ಳಲು ಕಥೆಯ ನೆರವನ್ನು ಪಡೆಯುತ್ತ ಬಂದಿರುವುದು ಬಹು ಪ್ರಾಚೀನವಾದ ರೂಢಿ. ಪುರಾಣ ಪ್ರವಚನ, ಹರಿಕಥೆ, ತಾಳಮದ್ದಳೆ, ನಾಟಕ ಇವೆಲ್ಲವೂ ತಮ್ಮ ತಮ್ಮ ಕಾಲದಲ್ಲಿ ಈ ಕಾರ್ಯವನ್ನು ನಿರ್ವಹಿಸಿವೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಹೊಣೆಯ ಒಂದಂಶವು ದೂರದರ್ಶನಕ್ಕೂ ಬಂದು ಸೇರಿತು. ಆದರೆ ನೀತಿಯನ್ನು ಬೋಧಿಸುವ ಕಾರ್ಯಕ್ರಮ ಬೇರೆ, ನೀತಿಯನ್ನು ವಿಚಾರಿಸುವ ಕಾರ್ಯಕ್ರಮ ಬೇರೆ. ಮೊದಲನೆಯದರಲ್ಲಿ ಉತ್ತರವು ಮೊದಲೇ ಸಿದ್ಧವಾಗಿರುತ್ತದೆ. ನೋಡುಗನು ಅದನ್ನು ಸ್ವೀಕರಿಸಿದರೆ ಸಾಕು. ಎರಡನೆಯದು ಪ್ರಶ್ನೆಯನ್ನು ನೋಡುಗನ ಮುಂದಿಟ್ಟು, ಉತ್ತರದ ಭಾರವನ್ನು ಅವನ ಹೆಗಲಿಗೇ ಹೊರಿಸುತ್ತದೆ. ಭಾರತದ ದೂರದರ್ಶನದ ಇತಿಹಾಸದಲ್ಲಿ ಈ ಎರಡನೆಯ ಬಗೆಗೆ ಸೇರಿದ ಕೃತಿಗಳು ವಿರಳ. ಅವುಗಳಲ್ಲಿ 1988ರಲ್ಲಿ ಪ್ರಸಾರವಾದ ‘ತಮಸ್’ ಅಗ್ರಸ್ಥಾನಕ್ಕೆ ಅರ್ಹವಾದುದು. ಆ ಧಾರಾವಾಹಿಯು ಎತ್ತಿದ ನೈತಿಕ ಪ್ರಶ್ನೆಗಳಷ್ಟೇ, ಅದರ ಪ್ರಸಾರವು ನ್ಯಾಯಾಲಯದಲ್ಲಿ ಎಬ್ಬಿಸಿದ ಪ್ರಶ್ನೆಯೂ ವಿಚಾರವಂತರ ಮನನಕ್ಕೆ ಯೋಗ್ಯವಾಗಿದೆ.

ಭಾರತದಲ್ಲಿ ದೂರದರ್ಶನದ ಪ್ರಾಯೋಗಿಕ ಪ್ರಸಾರವು 1959ರ ಸೆಪ್ಟೆಂಬರ್ 15ರಂದು ದೆಹಲಿಯಲ್ಲಿ ಆರಂಭವಾಯಿತು. ಆರಂಭದಿಂದಲೂ ಅದರ ಉದ್ದೇಶವು ಶಿಕ್ಷಣವೆಂದೇ ಸಾರಲಾಗಿತ್ತು. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಅಮೆರಿಕದ ಉಪಗ್ರಹವೊಂದರ ಸಹಾಯದಿಂದ ಆರು ರಾಜ್ಯಗಳ 2400 ಗ್ರಾಮಗಳಿಗೆ ಕೃಷಿ, ಆರೋಗ್ಯ, ಕುಟುಂಬ ಯೋಜನೆಗಳನ್ನು ಕುರಿತ ಪಾಠಗಳನ್ನು ತಲುಪಿಸಲಾಯಿತು. ಅಂದಿನ ಬಿಜಾಪುರ, ಗುಲ್ಬರ್ಗ ಮತ್ತು ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. 1984ರ ಜುಲೈ 7ರಂದು ಆರಂಭವಾದ ‘ಹಮ್ ಲೋಗ್’ ಧಾರಾವಾಹಿಯು ಅದೇ ಬೋಧನೆಯನ್ನು ಒಂದು ಮಧ್ಯಮವರ್ಗದ ಕುಟುಂಬದ ಕಥೆಯೊಳಗೆ ಬೆರೆಸಿತು. ಪ್ರತಿ ಕಂತಿನ ಕೊನೆಗೆ ಹಿರಿಯ ನಟ ಅಶೋಕ್ ಕುಮಾರರು ಕಾಣಿಸಿಕೊಂಡು, ಅಂದಿನ ಕಥೆಯ ತಾತ್ಪರ್ಯವನ್ನು ಮನೆಯ ಹಿರಿಯರಂತೆ ತಿಳಿಯಹೇಳುತ್ತಿದ್ದರು. 1987ರ ಜನವರಿ 25ರಿಂದ ಪ್ರಸಾರವಾಗತೊಡಗಿದ ‘ರಾಮಾಯಣ’ವಂತೂ ಭಾನುವಾರದ ಬೆಳಗನ್ನು ಪೂಜೆಯ ಹೊತ್ತನ್ನಾಗಿ ಮಾರ್ಪಡಿಸಿತು. ಇವೆಲ್ಲವೂ ಲೋಕೋಪಕಾರಿಗಳೇ. ಆದರೂ ಅವುಗಳಲ್ಲಿ ಯಾರು ಸಜ್ಜನರು, ಯಾರು ದುರ್ಜನರು ಎಂಬ ವಿಷಯದಲ್ಲಿ ನೋಡುಗನಿಗೆ ಸಂದೇಹಕ್ಕೆ ಆಸ್ಪದವಿರಲಿಲ್ಲ.

ಇಂತಹ ಸನ್ನಿವೇಶದಲ್ಲಿ, ‘ರಾಮಾಯಣ’ವು ಇನ್ನೂ ಮುಗಿದಿರದಿದ್ದ 1988ರ ಜನವರಿಯಲ್ಲಿ, ‘ತಮಸ್’ ಕಿರುತೆರೆಗೆ ಬಂದಿತು. ಅದರ ಮೂಲವು ಭೀಷ್ಮ ಸಾಹನಿಯವರ ಅದೇ ಹೆಸರಿನ ಹಿಂದಿ ಕಾದಂಬರಿ. 1975ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಗೆ ಪಾತ್ರವಾದ ಕೃತಿ. 1915ರಲ್ಲಿ ರಾವಲ್ಪಿಂಡಿಯಲ್ಲಿ ಜನಿಸಿದ ಸಾಹನಿಯವರು 1947ರ ಮಾರ್ಚ್ ತಿಂಗಳಲ್ಲಿ ಆ ನಗರದಲ್ಲಿಯೂ ಸುತ್ತಲಿನ ಹಳ್ಳಿಗಳಲ್ಲಿಯೂ ನಡೆದ ಕೋಮುಗಲಭೆಗಳನ್ನು ಕಾಂಗ್ರೆಸ್ ಕಾರ್ಯಕರ್ತರಾಗಿ ಹತ್ತಿರದಿಂದ ಕಂಡವರು. ಆದರೆ ಅವರು ಆ ಅನುಭವವನ್ನು ಕಾದಂಬರಿಯಾಗಿ ಬರೆಯಲು ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. 1970ರಲ್ಲಿ ಮುಂಬಯಿ ಸಮೀಪದ ಭಿವಂಡಿಯಲ್ಲಿ ಗಲಭೆಗಳಾದಾಗ, ಅಣ್ಣ ಬಲರಾಜ್ ಸಾಹನಿಯವರೊಡನೆ ಅಲ್ಲಿಗೆ ಹೋಗಿ ಸುಟ್ಟ ಬೀದಿಗಳನ್ನು ಕಂಡ ಮೇಲೆ ರಾವಲ್ಪಿಂಡಿಯ ನೆನಪು ಮರುಕಳಿಸಿ ಈ ಕೃತಿಯು ಹುಟ್ಟಿತೆಂದು ಅವರು ಹೇಳಿಕೊಂಡಿದ್ದಾರೆ. ಮುಗಿದುಹೋಯಿತೆಂದು ತಿಳಿದ ಕೇಡು ಮತ್ತೆ ಕಣ್ಣೆದುರು ನಿಂತಾಗಲೇ ಅವರ ಲೇಖನಿ ಚಲಿಸಿತೆಂಬುದು ಗಮನಾರ್ಹ.

ಧಾರಾವಾಹಿಯನ್ನು ನಿರ್ದೇಶಿಸಿದವರು ಗೋವಿಂದ ನಿಹಲಾನಿಯವರು. 1940ರಲ್ಲಿ ಕರಾಚಿಯಲ್ಲಿ ಜನಿಸಿದ ಅವರ ಕುಟುಂಬವು ದೇಶವಿಭಜನೆಯಿಂದಾಗಿ ತಾಯ್ನೆಲವನ್ನು ತೊರೆದು ಬಂದುದು. ಕರ್ನಾಟಕದೊಡನೆ ಅವರಿಗಿರುವ ಸಂಬಂಧವನ್ನು ಅನೇಕರು ಅರಿಯರು. ಛಾಯಾಗ್ರಹಣವನ್ನು ಅವರು ಕಲಿತುದು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ. ಅನಂತರ ಅದೇ ಸಂಸ್ಥೆಯಲ್ಲಿ ಕಲಿತಿದ್ದ ಮೈಸೂರಿನ ಹಿರಿಯ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರ ಬಳಿ ಸಹಾಯಕರಾಗಿ ದುಡಿದರು. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿಯನ್ನು ಆಧರಿಸಿ ಗಿರೀಶ ಕಾರ್ನಾಡರು 1973ರಲ್ಲಿ ನಿರ್ದೇಶಿಸಿದ ‘ಕಾಡು’ ಚಿತ್ರಕ್ಕೆ ಛಾಯಾಗ್ರಾಹಕರಾಗಿದ್ದವರು ನಿಹಲಾನಿಯವರೇ. ಎರಡು ಹಳ್ಳಿಗಳ ಹಗೆತನವನ್ನು ಬಾಲಕನೊಬ್ಬನ ಕಣ್ಣುಗಳ ಮೂಲಕ ತೋರಿಸುವ ಆ ಚಿತ್ರದ ವಸ್ತುವಿಗೂ ‘ತಮಸ್’ನ ವಸ್ತುವಿಗೂ ದೂರದ ನಂಟಿಲ್ಲದೆ ಇಲ್ಲ. ‘ತಮಸ್’ನ ಛಾಯಾಗ್ರಹಣದಲ್ಲಿ ಗುರುಗಳಾದ ಮೂರ್ತಿಯವರೂ ಶಿಷ್ಯರೊಡನೆ ಕೈಗೂಡಿಸಿದರು.

ಕಥೆಯು ಆರಂಭವಾಗುವುದು ಒಂದು ಪ್ರಾಣಿಯ ವಧೆಯಿಂದ. ನತ್ಥು ಎಂಬುವನು ಚರ್ಮ ಸುಲಿಯುವ ಕಸುಬಿನ ಬಡವ. ಪಶುವೈದ್ಯರಿಗೆ ಬೇಕಾಗಿದೆ ಎಂದು ಹೇಳಿ, ಒಂದು ಹಂದಿಯನ್ನು ಕೊಂದು ಒಪ್ಪಿಸುವಂತೆ ಒಬ್ಬ ಗುತ್ತಿಗೆದಾರನು ಅವನಿಗೆ ಐದು ರೂಪಾಯಿಯ ನೋಟನ್ನು ಕೊಡುತ್ತಾನೆ. ಸತ್ತ ಪ್ರಾಣಿಗಳ ಚರ್ಮ ಸುಲಿದು ಬಲ್ಲ ನತ್ಥುವಿಗೆ ಜೀವಂತ ಹಂದಿಯನ್ನು ಕೊಂದು ತಿಳಿಯದು. ಆದರೂ ದಿನನಿತ್ಯ ಕೆಲಸ ಕೊಡುವ ಪ್ರಭಾವಶಾಲಿಯ ಮಾತನ್ನು ತಳ್ಳಿಹಾಕುವ ಧೈರ್ಯವಿಲ್ಲದೆ, ಕೊಟ್ಟ ಹಣವನ್ನು ಹಿಂದಿರುಗಿಸುವ ಅವಕಾಶವೂ ಇಲ್ಲದೆ, ರಾತ್ರಿಯೆಲ್ಲ ಹೆಣಗಾಡಿ ಆ ಪ್ರಾಣಿಯನ್ನು ಕೊಲ್ಲುತ್ತಾನೆ. ಮರುದಿನ ಬೆಳಿಗ್ಗೆ ಆ ಹಂದಿಯ ಕಳೇಬರವು ಮಸೀದಿಯ ಮೆಟ್ಟಿಲುಗಳ ಮೇಲೆ ಕಾಣಿಸುತ್ತದೆ. ಅಲ್ಲಿಂದ ಮುಂದೆ ನಗರವೂ ಹಳ್ಳಿಗಳೂ ಹೊತ್ತಿ ಉರಿಯುತ್ತವೆ.

ಇಲ್ಲಿ ಧಾರಾವಾಹಿಯು ನೋಡುಗನಿಗೆ ಒಡ್ಡುವ ಮೊದಲ ಪ್ರಶ್ನೆ ಕರ್ಮದ ಹೊಣೆಯನ್ನು ಕುರಿತದ್ದು. ಕೊಂದವನು ನತ್ಥು, ಆದರೆ ಫಲವನ್ನು ಬಯಸಿದವನು ಅವನಲ್ಲ. ಮಾಡಿಸಿದವನು ಗುತ್ತಿಗೆದಾರ, ಅವನ ಕೈಗೆ ರಕ್ತವೇ ತಾಗಿಲ್ಲ. ತಾನು ಮಾಡುವುದು, ಇನ್ನೊಬ್ಬರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪಿ ಅನುಮೋದಿಸುವುದು ಎಂಬ ಮೂರು ಬಗೆಗಳಲ್ಲಿಯೂ ಹಿಂಸೆಯ ಹೊಣೆಯು ಅಂಟುತ್ತದೆಂದು ಭಾರತೀಯ ನೀತಿಚಿಂತನೆಯು ಬಹು ಹಿಂದೆಯೇ ವಿವೇಚಿಸಿದೆ. ‘ತಮಸ್’ ಈ ಮೂರನ್ನೂ ಮೂರು ಮನುಷ್ಯವರ್ಗಗಳಾಗಿ ಎದುರಿಗೆ ನಿಲ್ಲಿಸುತ್ತದೆ. ವಿಶೇಷವೆಂದರೆ, ಮೂವರಲ್ಲಿ ಪಶ್ಚಾತ್ತಾಪದಿಂದ ಬೇಯುವವನು ಅರಿಯದೆ ಮಾಡಿದ ನತ್ಥು ಒಬ್ಬನೇ. ಮುದಿ ತಾಯಿಯನ್ನೂ ಗರ್ಭಿಣಿಯಾದ ಹೆಂಡತಿ ಕರ್ಮೋವನ್ನೂ ಕರೆದುಕೊಂಡು ಊರು ಬಿಟ್ಟು ಹೋಗುವಾಗಲೂ ಆ ಕಳೇಬರದ ನೆನಪು ಅವನನ್ನು ಬಿಡದು. ಓಂ ಪುರಿಯವರು ಮಾತಿಗಿಂತ ಮುಖಭಾವದಿಂದಲೇ ಈ ವೇದನೆಯನ್ನು ತಿಳಿಸಿದ್ದಾರೆ.

ಇದಕ್ಕೆ ಪ್ರತಿಯಾಗಿ, ಮಾಡಿಸಿದವನು ನೆಮ್ಮದಿಯಿಂದಿದ್ದಾನೆ. ಕಾದಂಬರಿಯಲ್ಲಿ ಅವನ ಹೆಸರು ಮುರಾದ್ ಅಲಿ. ಪಂಕಜ್ ಕಪೂರರು ಅಭಿನಯಿಸಿದ ಧಾರಾವಾಹಿಯ ಪಾತ್ರವನ್ನು ಠೇಕೇದಾರ, ಅಂದರೆ ಗುತ್ತಿಗೆದಾರ, ಎಂದೇ ಕರೆಯಲಾಗಿದೆ. ಕೇಡಿಗನನ್ನು ಅವನ ಕಸುಬಿನಿಂದ ಗುರುತಿಸುವ ಈ ಕ್ರಮದಲ್ಲಿ ಒಂದು ವಿವೇಕವಿದೆ. ಕಾದಂಬರಿಯ ಕೊನೆಯಲ್ಲಿ, ಗಲಭೆಗಳು ಅಡಗಿದ ಬಳಿಕ, ಎಲ್ಲ ಪಕ್ಷದವರೂ ಕೂಡಿ ಶಾಂತಿಸಮಿತಿಯನ್ನು ರಚಿಸುತ್ತಾರೆ. ಆ ಸಮಿತಿಯ ಬಸ್ಸಿನಲ್ಲಿ ಚಾಲಕನ ಪಕ್ಕದಲ್ಲಿ ಕುಳಿತು ಶಾಂತಿಯ ಘೋಷಣೆಗಳನ್ನು ಕೂಗುವವನು ಇದೇ ಮುರಾದ್ ಅಲಿ. ಅವನನ್ನು ಗುರುತಿಸಬಲ್ಲವನಾಗಿದ್ದ ನತ್ಥು ಅಷ್ಟರಲ್ಲಿ ಸತ್ತಿದ್ದಾನೆ. ಸಾಕ್ಷಿಯೇ ಇಲ್ಲದ ಪಾಪಕ್ಕೆ ಲೋಕದಲ್ಲಿ ದಂಡನೆಯಿಲ್ಲ ಎಂಬ ಕಹಿಯಾದ ಸತ್ಯವನ್ನು ಲೇಖಕರು ಮರೆಮಾಚಿಲ್ಲ.

ಎರಡನೆಯ ಪ್ರಶ್ನೆ ಸಂಸ್ಕಾರವನ್ನು ಕುರಿತದ್ದು. ರಣವೀರನೆಂಬ ಹದಿಹರೆಯದ ಬಾಲಕನನ್ನು ತರುಣರ ದಳವೊಂದಕ್ಕೆ ಸೇರಿಸಿಕೊಳ್ಳುವ ಮುನ್ನ, ಅವನ ಗುರುವು ಧೈರ್ಯಪರೀಕ್ಷೆಯೆಂದು ಒಂದು ಕೋಳಿಯ ಕತ್ತನ್ನು ಕೊಯ್ಯಲು ಆಜ್ಞಾಪಿಸುತ್ತಾನೆ. ಬಾಲಕನು ನಡುಗುತ್ತಾನೆ, ಅವನಿಗೆ ಓಕರಿಕೆ ಬರುತ್ತದೆ. ಆದರೂ ಗುರುವಿನ ಎದುರು ಹೇಡಿಯೆನಿಸಲಾರದೆ ಆ ಕಾರ್ಯವನ್ನು ಮುಗಿಸುತ್ತಾನೆ. ಕೆಲವೇ ದಿನಗಳಲ್ಲಿ ಅದೇ ದಳದ ಹುಡುಗರ ಚೂರಿಗೆ ಬೀದಿಯಲ್ಲಿ ಹೋಗುತ್ತಿದ್ದ ಅತ್ತರು ಮಾರುವ ನಿರಪರಾಧಿ ಮುದುಕನೊಬ್ಬನು ಕಾದಂಬರಿಯಲ್ಲಿ ಬಲಿಯಾಗುತ್ತಾನೆ. ಮೂಕಪ್ರಾಣಿಯ ವಿಷಯದಲ್ಲಿ ಕರುಣೆಯನ್ನು ಅದುಮಲು ಕಲಿತ ಕೈಯು ಮನುಷ್ಯನ ವಿಷಯದಲ್ಲಿಯೂ ಹಿಂಜರಿಯದು ಎಂಬುದನ್ನು ಇಲ್ಲಿ ಉಪದೇಶವಾಗಿ ಹೇಳಿಲ್ಲ. ಎರಡು ಘಟನೆಗಳನ್ನು ಒಂದರ ಹಿಂದೊಂದು ಇಟ್ಟು ತೋರಿಸಲಾಗಿದೆ. ಹಂದಿಯ ವಧೆ, ಕೋಳಿಯ ವಧೆ, ಮನುಷ್ಯರ ವಧೆ ಇವುಗಳ ಅನುಕ್ರಮವು ಆಕಸ್ಮಿಕವಾದುದಲ್ಲ.

ಮೂರನೆಯದು ಅಧಿಕಾರಿಯ ಧರ್ಮ. ಜಿಲ್ಲೆಯ ಆಂಗ್ಲ ಅಧಿಕಾರಿ ರಿಚರ್ಡ್ ಸುಶಿಕ್ಷಿತನು. ತಕ್ಷಶಿಲೆಯ ಅವಶೇಷಗಳನ್ನೂ ಬೌದ್ಧಶಿಲ್ಪವನ್ನೂ ಪ್ರೀತಿಯಿಂದ ಅಭ್ಯಸಿಸಿದವನು. ಗಲಭೆಯ ಸೂಚನೆ ಕಂಡೊಡನೆ ನಗರದ ಮುಖಂಡರು ಅವನ ಬಳಿಗೆ ಹೋಗಿ ಸೈನ್ಯವನ್ನು ಕರೆಸಿರಿ, ಕರ್ಫ್ಯೂ ವಿಧಿಸಿರಿ ಎಂದು ಬೇಡಿಕೊಂಡಾಗ ಅವನು ನಾನಾ ಕಾರಣಗಳನ್ನು ಒಡ್ಡಿ ಕೈಚೆಲ್ಲುತ್ತಾನೆ. ಹಳ್ಳಿಗಳು ಉರಿದ ಮೇಲೆ ಒಂದು ವಿಮಾನವು ಅವುಗಳ ಮೇಲೆ ಹಾರಾಡಿದೊಡನೆ ಗಲಭೆಗಳು ನಿಲ್ಲುತ್ತವೆ. ಮೊದಲೇ ಮಾಡಬಹುದಾಗಿದ್ದುದನ್ನು ತಡವಾಗಿ ಮಾಡಿದವನ ಪಾಲಿಗೆ ಯಾವ ಹೆಸರಿನ ದೋಷವು ಬರುತ್ತದೆ? ವಿದ್ಯೆಯು ಮನುಷ್ಯನನ್ನು ಸಜ್ಜನನನ್ನಾಗಿಯೇ ಮಾಡುತ್ತದೆಂಬ ನಂಬಿಕೆಗೆ ಈ ಪಾತ್ರವು ಒಂದು ಪ್ರಶ್ನಾರ್ಥಕ ಚಿಹ್ನೆಯಾಗಿದೆ.

ಇಷ್ಟು ಕತ್ತಲೆಯ ನಡುವೆ ಬೆಳಕಿನ ರೇಖೆಯೂ ಇದೆ. ಹರ್ನಾಮ್ ಸಿಂಗನು ಹಳ್ಳಿಯೊಂದರಲ್ಲಿ ಚಹಾದ ಅಂಗಡಿಯನ್ನು ಇಟ್ಟುಕೊಂಡಿದ್ದ ವೃದ್ಧ. ಅಂಗಡಿಯು ಲೂಟಿಯಾಗಿ ಸುಟ್ಟುಹೋದಾಗ, ಪತ್ನಿ ಬಂತೋಳೊಡನೆ ರಾತ್ರಿಯೆಲ್ಲ ನಡೆದು, ಬೆಳಗಿನ ಜಾವ ಅಪರಿಚಿತ ಹಳ್ಳಿಯ ಒಂದು ಮನೆಯ ಬಾಗಿಲನ್ನು ತಟ್ಟುತ್ತಾನೆ. ಬಾಗಿಲು ತೆರೆದವಳು ರಾಜೋ ಎಂಬ ಮುಸ್ಲಿಂ ಗೃಹಿಣಿ. ತನ್ನ ಗಂಡನೂ ಮಗನೂ ಲೂಟಿಗೆ ಹೋಗಿರುವರೆಂದು ಬಲ್ಲವಳಾದರೂ, ಮನೆಬಾಗಿಲಿಗೆ ಬಂದವರನ್ನು ಹೊರದೂಡಲಾರದೆ ಅವಳು ಆಶ್ರಯ ನೀಡುತ್ತಾಳೆ. ಗಂಡನು ಹೊತ್ತು ತಂದ ಲೂಟಿಯ ಪೆಟ್ಟಿಗೆಯು ಹರ್ನಾಮ್ ಸಿಂಗನದೇ ಆಗಿರುತ್ತದೆ. ಕೊಲ್ಲಲು ಮುಂದಾದ ಮಗನಿಗೂ ತನ್ನ ಮನೆಯೊಳಗೆ ಆಶ್ರಯ ಪಡೆದವನ ಮೇಲೆ ಕೈಯೆತ್ತಲು ಮನಸ್ಸು ಬಾರದು. ಕೊನೆಗೆ ರಾಜೋ ಆ ದಂಪತಿಗಳನ್ನು ಕತ್ತಲಲ್ಲಿ ಊರಾಚೆಗೆ ಕರೆದೊಯ್ದು, ಪೆಟ್ಟಿಗೆಯಿಂದ ತೆಗೆದಿರಿಸಿದ್ದ ಬಂತೋಳ ಒಡವೆಗಳನ್ನು ಹಿಂದಿರುಗಿಸಿ ಬೀಳ್ಕೊಡುತ್ತಾಳೆ. ಯಾವ ಧರ್ಮಗ್ರಂಥವನ್ನೂ ಉದಾಹರಿಸದ ಈ ಅಕ್ಷರಹೀನ ಹೆಂಗಸಿನ ನಡತೆಯು, ಪರರ ಸೊತ್ತನ್ನು ಪರರ ಸೊತ್ತೆಂದೇ ಕಾಣುವ ಪ್ರಾಮಾಣಿಕತೆಗೆ ಮಾದರಿಯಾಗಿದೆ. ರಾಜೋ ಪಾತ್ರಕ್ಕಾಗಿ ಸುರೇಖಾ ಸಿಕ್ರಿಯವರು ಅತ್ಯುತ್ತಮ ಪೋಷಕ ನಟಿಯೆಂದು ರಾಷ್ಟ್ರಪ್ರಶಸ್ತಿಯನ್ನು ಪಡೆದರು. ಹರ್ನಾಮ್ ಸಿಂಗನ ಪಾತ್ರವನ್ನು ವಹಿಸಿದವರು ಸ್ವತಃ ಕಾದಂಬರಿಕಾರರಾದ ಭೀಷ್ಮ ಸಾಹನಿಯವರು. ಬಂತೋ ಪಾತ್ರದಲ್ಲಿ ದೀನಾ ಪಾಠಕರಿದ್ದರು.

ಇನ್ನೊಂದು ದೃಶ್ಯವು ಉತ್ತರವೇ ಇಲ್ಲದ ಪ್ರಶ್ನೆಯನ್ನು ಮುಂದಿಡುತ್ತದೆ. ಶತ್ರುಗಳು ಮುತ್ತಿದಾಗ ಸಿಖ್ ಮಹಿಳೆಯರು ಮಕ್ಕಳೊಡನೆ ಬಾವಿಗೆ ಹಾರಿ ಪ್ರಾಣತ್ಯಾಗ ಮಾಡುತ್ತಾರೆ. ಇದು ಕಲ್ಪನೆಯಲ್ಲ, ರಾವಲ್ಪಿಂಡಿ ಜಿಲ್ಲೆಯ ಥೋಹಾ ಖಾಲ್ಸಾ ಎಂಬ ಗ್ರಾಮದಲ್ಲಿ 1947ರ ಮಾರ್ಚ್‌ನಲ್ಲಿ ಹೀಗೆಯೇ ನಡೆದಿತ್ತು. ಇದನ್ನು ವೀರಮರಣವೆಂದು ಕೊಂಡಾಡಬೇಕೇ, ಗಂಡಸರ ಹಗೆತನಕ್ಕೆ ಹೆಂಗಸರೂ ಕೂಸುಗಳೂ ತೆತ್ತ ಬೆಲೆಯೆಂದು ಮರುಗಬೇಕೇ? ಧಾರಾವಾಹಿಯು ತೀರ್ಪು ನೀಡುವುದಿಲ್ಲ. ಬಾವಿಯತ್ತ ನಡೆಯುವ ಆ ಮೆರವಣಿಗೆಯನ್ನು ತೋರಿಸಿ ಸುಮ್ಮನಾಗುತ್ತದೆ.

ಇಂತಹ ಕೃತಿಯನ್ನು ಮನೆಮನೆಯೊಳಗೆ ಪ್ರಸಾರಮಾಡಬಹುದೇ ಎಂಬ ಪ್ರಶ್ನೆಯು ಆರಂಭದ ಕಂತುಗಳೊಡನೆಯೇ ಎದ್ದಿತು. ಕೆಲವೆಡೆ ಪ್ರತಿಭಟನೆಗಳಾದವು, ನಿರ್ದೇಶಕರಿಗೆ ಪೊಲೀಸ್ ರಕ್ಷಣೆಯನ್ನು ಒದಗಿಸಬೇಕಾಯಿತು. ಮುಂಬಯಿಯ ಉಚ್ಚ ನ್ಯಾಯಾಲಯದಲ್ಲಿ ಪ್ರಸಾರದ ವಿರುದ್ಧ ಅರ್ಜಿಯು ದಾಖಲಾಗಿ, ಏಕಸದಸ್ಯ ಪೀಠವು ತಾತ್ಕಾಲಿಕ ತಡೆಯನ್ನು ನೀಡಿತು. ಮೇಲ್ಮನವಿಯನ್ನು ಆಲಿಸಿದ ನ್ಯಾಯಮೂರ್ತಿ ಲೆಂಟಿನ್ ಮತ್ತು ನ್ಯಾಯಮೂರ್ತಿ ಸುಜಾತಾ ಮನೋಹರ್ ಅವರು ವಕೀಲರ ವಾದಗಳಿಗಷ್ಟೇ ಕಿವಿಗೊಡದೆ, ಇಡೀ ಧಾರಾವಾಹಿಯನ್ನು ತಾವೇ ಕುಳಿತು ವೀಕ್ಷಿಸಿದರು. ಅನಂತರ ತಡೆಯಾಜ್ಞೆಯನ್ನು ತೆರವುಗೊಳಿಸಿದರು. ನೋಡದೆಯೇ ನಿಂದಿಸುವುದೂ ನೋಡದೆಯೇ ಹೊಗಳುವುದೂ ಸಾಮಾನ್ಯವಾಗಿರುವ ಲೋಕದಲ್ಲಿ, ತೀರ್ಪಿಗೆ ಮುನ್ನ ಪೂರ್ತಿಯಾಗಿ ನೋಡಿದ ಈ ಕ್ರಮವೇ ಒಂದು ನೀತಿಪಾಠವೆನ್ನಬಹುದು.

ವಿವಾದವು ಸರ್ವೋಚ್ಚ ನ್ಯಾಯಾಲಯಕ್ಕೂ ಹೋಯಿತು. ‘ರಮೇಶ್ ವಿರುದ್ಧ ಭಾರತ ಒಕ್ಕೂಟ’ ಎಂದು ಪ್ರಸಿದ್ಧವಾದ ಆ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಸವ್ಯಸಾಚಿ ಮುಖರ್ಜಿ ಮತ್ತು ಎಸ್. ರಂಗನಾಥನ್ ಅವರು 1988ರ ಫೆಬ್ರವರಿ 16ರಂದು ತೀರ್ಪು ನೀಡಿದರು. ಅರ್ಜಿದಾರರ ವಾದವನ್ನು ಹಗುರವಾಗಿ ಕಾಣುವಂತಿರಲಿಲ್ಲ. ದೃಶ್ಯಮಾಧ್ಯಮವು ಮುದ್ರಿತ ಪುಸ್ತಕಕ್ಕಿಂತ ಬಹುಪಾಲು ಪ್ರಬಲವಾದುದು. ಹಳೆಯ ಗಾಯವನ್ನು ಕೆದಕಿದರೆ ಹೊಸ ರಕ್ತ ಹರಿಯಬಹುದು. ಕೋಮುಗಳ ನಡುವೆ ವೈರವನ್ನು ಬೆಳೆಸುವಂತಹ ಪ್ರದರ್ಶನವನ್ನು ಕಾನೂನು ನಿಷೇಧಿಸಿದೆ ಎಂಬುದು ಅವರ ನಿಲುವು. ಹಿಂದಿನ ವರ್ಷವಷ್ಟೇ, 1987ರಲ್ಲಿ, ಮೀರಠ್ ನಗರದಲ್ಲಿ ಭೀಕರ ಗಲಭೆಗಳಾಗಿದ್ದುದನ್ನು ನೆನೆದರೆ ಆ ಭೀತಿಯು ನಿರಾಧಾರವಾದುದಲ್ಲವೆಂದು ಒಪ್ಪಬೇಕಾಗುತ್ತದೆ.

ಆದರೂ ನ್ಯಾಯಾಲಯವು ಅರ್ಜಿಯನ್ನು ತಿರಸ್ಕರಿಸಿತು. ನಾಗಪುರದ ಉಚ್ಚ ನ್ಯಾಯಾಲಯದಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಅವರು ಹಿಂದೆ ಹಾಕಿಕೊಟ್ಟಿದ್ದ ಅಳತೆಗೋಲನ್ನೇ ಅದು ಕೈಗೆತ್ತಿಕೊಂಡಿತು. ಒಂದು ಮಾತಿನ ಅಥವಾ ಕೃತಿಯ ಪರಿಣಾಮವನ್ನು ವಿವೇಕಿಯೂ ದೃಢಚಿತ್ತನೂ ಧೈರ್ಯವಂತನೂ ಆದ ಮನುಷ್ಯನ ದೃಷ್ಟಿಯಿಂದ ಅಳೆಯಬೇಕೇ ಹೊರತು, ದುರ್ಬಲವೂ ಚಂಚಲವೂ ಆದ ಮನಸ್ಸಿನ ದೃಷ್ಟಿಯಿಂದ ಅಲ್ಲ ಎಂಬುದೇ ಆ ಅಳತೆಗೋಲು. ಎಲ್ಲ ಕಾಲದಲ್ಲಿಯೂ ಬತ್ತಲೆ ಸತ್ಯವು ಹಿತಕರವಾಗದಿದ್ದರೂ, ಕೇಡನ್ನೂ ಕೇಡಿನ ಫಲವನ್ನೂ ಯೋಗ್ಯವಾದ ಬೆಳಕಿನಲ್ಲಿ ತೋರಿಸುವ ಸತ್ಯವು ಬೋಧಪ್ರದವಾಗುತ್ತದೆಂಬ ಆಶಯವೂ ತೀರ್ಪಿನಲ್ಲಿದೆ. ಅಕ್ಷರ ಬಾರದವರು ಇದನ್ನು ತಪ್ಪಾಗಿ ತಿಳಿದಾರು ಎಂಬ ಆಕ್ಷೇಪಕ್ಕೆ ಮುಂಬಯಿಯ ನ್ಯಾಯಮೂರ್ತಿಗಳು ಮೊದಲೇ ಸಮಾಧಾನ ಹೇಳಿದ್ದರು: ಅಕ್ಷರ ಬಾರದಿದ್ದ ಮಾತ್ರಕ್ಕೆ ಸಾಮಾನ್ಯ ವಿವೇಕವಿಲ್ಲವೆಂದು ಭಾವಿಸಲಾಗದು ಎಂಬುದು ಅವರ ಅಭಿಪ್ರಾಯದ ಸಾರ. ರಾಜೋ ಪಾತ್ರವನ್ನು ನೋಡಿದವರಿಗೆ ಈ ಮಾತಿನ ಯಥಾರ್ಥತೆಯನ್ನು ಬೇರೆಯಾಗಿ ಸ್ಥಾಪಿಸಬೇಕಾಗಿಲ್ಲ.

ಸತ್ಯವನ್ನು ನುಡಿಯಬೇಕು, ಆದರೆ ಅದರಿಂದ ಹಿಂಸೆಯಾಗಬಾರದು ಎಂಬ ಎರಡು ನಿಯಮಗಳು ಒಂದಕ್ಕೊಂದು ಎದುರಾದಾಗ ಏನು ಮಾಡಬೇಕೆಂಬುದು ನೀತಿಶಾಸ್ತ್ರದ ಹಳೆಯ ತೊಡಕು. ಮೌನದಿಂದ ಹಿಂಸೆಯು ತಪ್ಪುವುದಾದರೆ ಮೌನವೇ ಲೇಸು ಎಂಬುದರಲ್ಲಿ ತಿರುಳಿದೆ. ಆದರೆ ರಾವಲ್ಪಿಂಡಿಯ ವಿಷಯದಲ್ಲಿ ಎರಡು ದಶಕಗಳ ಮೌನವು ಭಿವಂಡಿಯನ್ನು ತಡೆಯಲಿಲ್ಲ; ಭಿವಂಡಿಯ ಮರೆವು ಮೀರಠನ್ನು ತಡೆಯಲಿಲ್ಲ. ಹೇಳುವವನ ಉದ್ದೇಶವು ಶುದ್ಧವಾಗಿದ್ದು, ಒಂದು ಪಕ್ಷದ ದೋಷವನ್ನಷ್ಟೇ ಎತ್ತಿ ಹಿಡಿಯದೆ ಎಲ್ಲರ ದೋಷವನ್ನೂ ಸಮನಾಗಿ ತೋರಿಸುವುದಾದರೆ, ಅಂತಹ ಸತ್ಯವು ಕಹಿಯಾದರೂ ಔಷಧವೇ. ‘ತಮಸ್’ನಲ್ಲಿ ಹಿಂದೂ, ಮುಸ್ಲಿಂ, ಸಿಖ್ ಎಂಬ ಭೇದವಿಲ್ಲದೆ ಪ್ರತಿಯೊಂದು ಸಮುದಾಯದಲ್ಲಿಯೂ ಕೊಂದವರಿದ್ದಾರೆ, ಕೊಲ್ಲಿಸಿದವರಿದ್ದಾರೆ, ನೊಂದವರೂ ಇದ್ದಾರೆ. ಈ ಸಮದೃಷ್ಟಿಯೇ ಅದನ್ನು ನ್ಯಾಯಾಲಯದಲ್ಲಿ ಉಳಿಸಿತು. ರಾಷ್ಟ್ರೀಯ ಭಾವೈಕ್ಯಕ್ಕಾಗಿ ಮೀಸಲಾದ ನರ್ಗಿಸ್ ದತ್ ಪ್ರಶಸ್ತಿಯೂ ಅದಕ್ಕೆ ಸಂದಿತು.

ಕಾಲವು ಬದಲಾಗಿದೆ. ದೂರದರ್ಶನವೊಂದೇ ಇದ್ದ ದಿನಗಳು 1990ರ ದಶಕದ ಆರಂಭದಲ್ಲಿಯೇ ಮುಗಿದವು. ಬಳಿಕ ನೂರಾರು ವಾಹಿನಿಗಳು ಬಂದವು. 2013ರಲ್ಲಿ ಖಾಸಗಿ ವಾಹಿನಿಯೊಂದು ‘ತಮಸ್’ ಅನ್ನು ಮರುಪ್ರಸಾರ ಮಾಡಿದಾಗ, ಹುಟ್ಟುವ ಮುನ್ನವೇ ನಡೆದುಹೋಗಿದ್ದ ವಿವಾದವನ್ನು ಅರಿಯದ ಹೊಸ ಪೀಳಿಗೆಯು ಅದನ್ನು ನೋಡಿತು. ಇಂದು ನೋಡುವುದಕ್ಕೆ ಕೊರತೆಯಿಲ್ಲ. ನೋಡಿದುದನ್ನು ತನಗೆ ಅನ್ವಯಿಸಿಕೊಳ್ಳುವುದಕ್ಕೆ ಬಿಡುವು ಕೊರತೆಯಾಗಿದೆ.

ನೀತಿಯನ್ನು ವಿಚಾರಿಸುವ ಕಾರ್ಯಕ್ರಮದ ಯೋಗ್ಯತೆಯನ್ನು ಅದರಲ್ಲಿರುವ ಸುಭಾಷಿತಗಳ ಸಂಖ್ಯೆಯಿಂದ ಅಳೆಯಲಾಗದು. ಅದು ಮುಗಿದ ಬಳಿಕ ನೋಡುಗನು ತನ್ನ ಲೆಕ್ಕದ ಪುಸ್ತಕವನ್ನು ತೆರೆದುನೋಡುವನೇ ಎಂಬುದೇ ಅಳತೆ. ನತ್ಥುವಿಗೆ ಕೊಟ್ಟ ಐದು ರೂಪಾಯಿಯು ಯಾವುದೋ ಒಂದು ಲೆಕ್ಕದಲ್ಲಿ ಸಾಧಾರಣ ಖರ್ಚೆಂದೇ ಬರೆಯಲ್ಪಟ್ಟಿದ್ದಿರಬೇಕು. ಯಾವ ಕೆಲಸಕ್ಕೆ ಎಂದು ಕೇಳದೆ ಪಡೆದ ಹಣವೂ, ಯಾವ ಕೆಲಸಕ್ಕೆ ಎಂದು ಹೇಳದೆ ಕೊಟ್ಟ ಹಣವೂ ಹಿಂಸೆಗೆ ಮೂಲಧನವಾಗಬಲ್ಲವು. ಕೊಡುವವರೂ ಕೊಳ್ಳುವವರೂ ಈ ಒಂದು ಪ್ರಶ್ನೆಯನ್ನು ಕೇಳುವ ಅಭ್ಯಾಸವನ್ನು ಬೆಳೆಸಿಕೊಂಡರೆ, ಸಾಹನಿಯವರ ಶ್ರಮವೂ ನಿಹಲಾನಿಯವರ ಸಾಹಸವೂ ಸಾರ್ಥಕವಾದಂತೆ.